ಮಂಡಿ ಬದಲಾಯಿಸಿದ ಮೇಲೂ ಕುಂಟು ಹೋಗುತ್ತಿಲ್ಲ, ಸರಾಗವಾಗಿ ನಡೆಯುವುದು ಯಾವಾಗ?

ನಿಧಾನನಡೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಲ ಮಂಡಿಯ ಕೀಲು ಬದಲಾಯಿಸಿ ಈಗ ಮೂರನೇ ತಿಂಗಳು ನಡೆಯುತ್ತಿದೆ. ವಯಸ್ಸು 64. ಗಾಯ ಚೆನ್ನಾಗಿ ಮಾಗಿದೆ. ಮೊದಲಿದ್ದ ಆ ಮೂಳೆಗೆ ಮೂಳೆ ಉಜ್ಜುವ ನೋವು ಪೂರ್ತಿ ಹೋಗಿದೆ, ಅದಕ್ಕೆ ನಿಜವಾಗಲೂ ಸಮಾಧಾನ ಇದೆ. ಮಂಡಿ 105 ಡಿಗ್ರಿವರೆಗೆ ಮಡಚುತ್ತದೆ. ನೋಡಲು ಬಂದವರೆಲ್ಲ ಬೇಗ ಹುಷಾರಾದಿರಿ ಅನ್ನುತ್ತಾರೆ.

ಆದರೆ ಎದ್ದು ನಡೆದರೆ ಕುಂಟು. ನೋವಿನಿಂದ ಕುಂಟುತ್ತಿಲ್ಲ, ಅದೇ ನನಗೆ ಅರ್ಥವಾಗದ ವಿಷಯ. ಕುರ್ಚಿಯಿಂದ ಎದ್ದ ತಕ್ಷಣ ಮೊದಲ ಕೆಲವು ಹೆಜ್ಜೆ ಕಾಲು ಮರದ ಹಾಗೆ ಸೆಟೆದುಕೊಂಡಿರುತ್ತದೆ, ಆಮೇಲೆ ಸ್ವಲ್ಪ ಸಡಿಲವಾಗುತ್ತದೆ, ಹತ್ತು ನಿಮಿಷ ನಡೆದ ಮೇಲೆ ಮತ್ತೆ ಭಾರ ಅನ್ನಿಸಿ ದೇಹ ಒಂದು ಪಕ್ಕಕ್ಕೆ ವಾಲಲು ಶುರುವಾಗುತ್ತದೆ. ಬಲಗಾಲಿನ ಮೇಲೆ ನಿಂತು ಎಡಗಾಲು ಮುಂದಿಡುವಾಗ ಬೇಗ ಬೇಗ ಇಟ್ಟುಬಿಡುತ್ತೇನೆ, ಬಲಗಾಲಿನ ಮೇಲೆ ಜಾಸ್ತಿ ಹೊತ್ತು ನಿಲ್ಲಲು ಧೈರ್ಯ ಬರುವುದಿಲ್ಲ. ಗಟ್ಟಿ ನೆಲದ ಮೇಲೆ ಚಪ್ಪಲಿ ಹಾಕಿ ನಡೆದರೆ ಶಬ್ದದಲ್ಲೇ ಗೊತ್ತಾಗುತ್ತದೆ, ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ.

ಕಳೆದ ಸಲ ತೋರಿಸಲು ಹೋದಾಗ ಡಾಕ್ಟರ್ ಎಕ್ಸ್‌ರೇ ನೋಡಿ ಎಲ್ಲ ಸರಿಯಾಗಿ ಕೂತಿದೆ ಎಂದರು. ಮಂಡಿ ಪೂರ್ತಿ ನೆಟ್ಟಗಾಗಲು ಇನ್ನೂ 8 ಡಿಗ್ರಿ ಬಾಕಿ ಇದೆ ಎಂದು ಚೀಟಿಯಲ್ಲಿ ಬರೆದಿದ್ದಾರೆ, ಅದರ ಬಗ್ಗೆ ಮಾತಾಡಲು ಸಮಯ ಸಿಗಲಿಲ್ಲ. ಎಲ್ಲರೂ ಎಷ್ಟು ಮಡಚುತ್ತದೆ ಅಂತಲೇ ಕೇಳುವುದು, ಹಾಗಾಗಿ ನಾನೂ ಮಡಚುವುದರ ಮೇಲೇ ಗಮನ ಇಟ್ಟಿದ್ದೆ. ಸಂಜೆ ಆಗುವಷ್ಟರಲ್ಲಿ ಮಂಡಿ ಬೆಚ್ಚಗಾಗಿ ಊದುತ್ತದೆ, ಬೆಳಿಗ್ಗೆಗೆ ಇಳಿಯುತ್ತದೆ.

ಇದು ಕಾಲ ಕಳೆದಂತೆ ತಾನಾಗಿ ಸರಿಹೋಗುತ್ತದಾ, ಇಲ್ಲ ನಾನೇ ಏನಾದರೂ ಮಾಡಬೇಕಾ? ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.


ಫಿಸಿಯೋ_ಮಾತು ಬರೆದ ಉತ್ತರ

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಮಂಡಿಯನ್ನು ಮುಟ್ಟಿ ನೋಡಿಲ್ಲ, ಹಾಗಾಗಿ ನಾನು ಹೇಳುವುದನ್ನು ನಿಮ್ಮನ್ನು ನೋಡುತ್ತಿರುವವರ ಹತ್ತಿರ ಒಮ್ಮೆ ಕೇಳಿಕೊಂಡೇ ಮಾಡಿ. ಆದರೆ ನೀವು ಬರೆದಿರುವುದರಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು, ಆ 8 ಡಿಗ್ರಿ.

105 ಡಿಗ್ರಿ ಮಡಚುವುದು ನಡೆಯಲು ಬೇಕಾದಷ್ಟು ಇದೆ. ಸಮನೆಲದಲ್ಲಿ ಕಾಲು ಗಾಳಿಯಲ್ಲಿ ಮುಂದೆ ಹೋಗುವಾಗ ಮಂಡಿ ಮಡಚುವುದು ಸುಮಾರು 60 ಡಿಗ್ರಿ ಅಷ್ಟೇ. ಮೆಟ್ಟಿಲಿಗೆ 90ರ ಆಸುಪಾಸು, ತಗ್ಗು ಕುರ್ಚಿಯಿಂದ ಏಳಲು ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಮಡಚುವುದರಲ್ಲಿ ನೀವು ಹಿಂದೆ ಬಿದ್ದಿಲ್ಲ. ಬಾಕಿ ಇರುವುದು ನೆಟ್ಟಗಾಗುವುದು. ಮಂಡಿ ಪೂರ್ತಿ ನೆಟ್ಟಗಾದರೆ ಮೂಳೆಗಳು ಒಂದರ ಮೇಲೊಂದು ನಿಂತು ಭಾರ ಹೊರುತ್ತವೆ, ಸ್ನಾಯುವಿಗೆ ಕೆಲಸ ಕಡಿಮೆ. ಸ್ವಲ್ಪ ಮಡಚಿದ ಸ್ಥಿತಿಯಲ್ಲೇ ಉಳಿದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ನಿಮ್ಮ ಇಡೀ ದೇಹವನ್ನು ಎತ್ತಿ ಹಿಡಿಯಬೇಕು. ಮಂಡಿ ಆಪರೇಷನ್ ಆದ ಮೇಲೆ ತುಂಬ ಸೊರಗುವುದೂ ಅದೇ ಸ್ನಾಯು. ಮೊದಲ ತಿಂಗಳಲ್ಲಿ ಅದರ ಬಲ ಅರ್ಧಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಹತ್ತು ನಿಮಿಷ ಆದ ಮೇಲೆ ಕಾಲು ಭಾರ ಅನ್ನಿಸುವುದಕ್ಕೆ ನನ್ನ ಪ್ರಕಾರ ಇದೇ ಕಾರಣ. ಜೊತೆಗೆ ಮಡಚಿದ ಕಾಲು ಅಷ್ಟರ ಮಟ್ಟಿಗೆ ಗಿಡ್ಡವಾದ ಹಾಗೆ ಆಗುತ್ತದೆ, ಆ ಕಡೆಗೆ ದೇಹ ಇಳಿಯುತ್ತದೆ.

ಮನೆಯಲ್ಲೇ ನೋಡಿಕೊಳ್ಳಬಹುದು. ಹಾಸಿಗೆಯ ಮೇಲೆ ಅಂಗಾತ ಮಲಗಿ ಎರಡೂ ಕಾಲು ಚಾಚಿ, ಮಂಡಿಯ ಕೆಳಗೆ ಅಂಗೈ ತೂರಿಸಿ ನೋಡಿ. ಎಡಗಾಲಿನ ಕೆಳಗೆ ಕೈ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಬಲಗಾಲಿನ ಕೆಳಗೆ ಸಲೀಸಾಗಿ ಹೋಗಿ ಬರುತ್ತದೆ ಅಂದರೆ ಆ ಜಾಗವೇ ನಿಮ್ಮ ಕುಂಟು.

ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗೆ ಏನೂ ಇರಬಾರದು, ಅದು ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಲಿ. ಐದು ನಿಮಿಷದಿಂದ ಶುರು ಮಾಡಿ ಹತ್ತಕ್ಕೆ ಹೋಗಿ. ಮಂಡಿಯ ಹಿಂದೆ ಎಳೆದ ಹಾಗೆ ಆಗುತ್ತದೆ, ಅದು ಆಗಬೇಕಾದದ್ದೇ. ಚುಚ್ಚುವ ನೋವು ಬಂದರೆ ಟವೆಲಿನ ಎತ್ತರ ಕಡಿಮೆ ಮಾಡಿ. ಅದೇ ಸ್ಥಿತಿಯಲ್ಲಿ ಮಂಡಿಯ ಹಿಂಭಾಗವನ್ನು ಕೆಳಗೆ ಒತ್ತುತ್ತ ತೊಡೆ ಬಿಗಿ ಮಾಡಿ, ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಬಿಗಿ ಮಾಡಿದಾಗ ಮಂಡಿಚಿಪ್ಪು ತೊಡೆಯ ಕಡೆಗೆ ಮೇಲೆ ಸರಿಯುವುದು ಕಣ್ಣಿಗೆ ಕಾಣಬೇಕು. ಅದು ಸರಿಯದಿದ್ದರೆ ಸ್ನಾಯು ಇನ್ನೂ ಎದ್ದಿಲ್ಲ ಅಂತ ಅರ್ಥ. ಇದು ಮುಗಿದ ಕೂಡಲೇ ಎದ್ದು ಎರಡು ನಿಮಿಷ ನಡೆಯಿರಿ, ಮಲಗಿ ಗಳಿಸಿದ್ದು ನಡಿಗೆಯಲ್ಲಿ ಬಳಕೆಗೆ ಬರಬೇಕು ಅಲ್ವಾ.

ಇನ್ನೊಂದು, ಮಲಗುವಾಗ ಮಂಡಿಯ ಕೆಳಗೆ ದಿಂಬು ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಊದಿದ ಮಂಡಿಗೆ ಸ್ವಲ್ಪ ಮಡಚಿಕೊಂಡೇ ಇರುವುದು ಹಿತ, ದಿಂಬು ಕೊಟ್ಟರೆ ಅದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ.


ಎರಡೂ_ಮಂಡಿ ಬರೆದ ಉತ್ತರ

ನನಗೆ ಎರಡೂ ಕಡೆ ಆಗಿದೆ, ಎಡಗಡೆಯದು ಆಗಿ ಕೆಲವು ವರ್ಷ, ಬಲಗಡೆಯದು ಆಮೇಲೆ. ಮೇಲಿನವರು ಹೇಳಿದ್ದು ಅಕ್ಷರಶಃ ಸರಿ. ನಾನು ಸೇರಿಸಬೇಕಾದದ್ದು ಕೋಲಿನ ವಿಷಯ, ಏಕೆಂದರೆ ಪ್ರಶ್ನೆಯಲ್ಲಿ ಕೋಲಿನ ಸುದ್ದಿಯೇ ಇಲ್ಲ. ಬಿಟ್ಟಿದ್ದೀರಾ?

ಕೋಲು ಬಿಟ್ಟರೆ ಹುಷಾರಾದ ಹಾಗೆ ಅಂತ ಸುತ್ತಲಿನವರು ಅಂದುಕೊಳ್ಳುತ್ತಾರೆ, ನಾವೂ ಹಾಗೇ ನಂಬುತ್ತೇವೆ. ನನ್ನ ಅನುಭವದಲ್ಲಿ ಕೋಲು ಹಿಡಿದು ನೆಟ್ಟಗೆ ನಡೆಯುವುದು ಕೋಲಿಲ್ಲದೆ ಕುಂಟುವುದಕ್ಕಿಂತ ಎಷ್ಟೋ ಮೇಲು. ದಿನಾ ಕುಂಟಿಕೊಂಡು ನಡೆದರೆ ದೇಹ ಅದನ್ನೇ ಕಲಿತುಬಿಡುತ್ತದೆ, ಆಮೇಲೆ ಬಲ ಬಂದರೂ ಚಾಳಿ ಹೋಗುವುದಿಲ್ಲ. ಕೋಲು ಆಪರೇಷನ್ ಆಗದ ಕಾಲಿನ ಕಡೆಯ ಕೈಯಲ್ಲಿ ಇರಬೇಕು, ನಿಮಗೆ ಎಡಗೈ. ತುಂಬ ಜನ ನೋವಿರುವ ಕಡೆಯೇ ಹಿಡಿಯುತ್ತಾರೆ, ಆಗ ದೇಹ ಆ ಕಡೆಗೇ ಇನ್ನೂ ವಾಲುತ್ತದೆ. ಬಲಗಾಲು ಮುಂದೆ ಹೋಗುವಾಗ ಎಡಗೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು. ಎತ್ತರ ನೋಡಲು ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು. ಉದ್ದ ಜಾಸ್ತಿಯಾದರೆ ಭುಜ ಏರುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ.

ನೀವು ಬರೆದಿದ್ದೀರಲ್ಲ, ಬಲಗಾಲಿನ ಮೇಲೆ ಜಾಸ್ತಿ ಹೊತ್ತು ನಿಲ್ಲಲು ಧೈರ್ಯ ಬರುವುದಿಲ್ಲ ಅಂತ. ನನಗೂ ಅದೇ ಇತ್ತು. ನನ್ನ ಫಿಸಿಯೋ ತೂಕ ನೋಡುವ ಮಷೀನ್ ಮೇಲೆ ಆಪರೇಷನ್ ಆದ ಕಾಲು, ಪಕ್ಕದಲ್ಲಿ ಅಷ್ಟೇ ಎತ್ತರದ ಗಟ್ಟಿ ಹಲಗೆಯ ಮೇಲೆ ಇನ್ನೊಂದು ಕಾಲು ಇಡಿಸಿ ಮಾಮೂಲಾಗಿ ನಿಲ್ಲಿ ಎಂದರು. ಸಮವಾಗಿ ನಿಂತಿದ್ದೇನೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಮುಳ್ಳು ನೋಡಿದರೆ ನನ್ನ ತೂಕದ ಅರ್ಧ ಇರಬೇಕಾದಲ್ಲಿ ಮೂರನೇ ಒಂದು ಭಾಗವೂ ಇರಲಿಲ್ಲ. ಅವತ್ತಿನಿಂದ ಮೇಜು ಹಿಡಿದು ನಿಂತು ನಿಧಾನವಾಗಿ ಭಾರ ಆ ಕಡೆಗೆ ಸರಿಸುವುದು, ಅರ್ಧ ತೂಕ ಬರುವವರೆಗೆ ಒತ್ತುವುದು, ವಾಪಸ್ ಬರುವುದು, ಇದನ್ನು ದಿನಾ ಮಾಡಿದೆ. ಮುಳ್ಳು ಕಣ್ಣ ಮುಂದೆ ಇರುವುದರಿಂದ ಅಂದಾಜಿನ ಮಾತೇ ಇಲ್ಲ. ಪಕ್ಕದಲ್ಲಿ ಹಿಡಿದುಕೊಳ್ಳಲು ಗಟ್ಟಿಯಾದದ್ದು ಇರಲೇಬೇಕು, ಒಬ್ಬರು ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.


ಗಟ್ಟಿಗ_55 ಬರೆದ ಉತ್ತರ

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಲೆಕ್ಕಾಚಾರ ಬೇಡ, ನಡೆಯಿರಿ. ನೋವಾದರೂ ಊದಿದರೂ ಬಿಡದೆ ದಿನಾ ದೂರ ಜಾಸ್ತಿ ಮಾಡುತ್ತ ಹೋಗಿ. ನಾನು ಎರಡನೇ ತಿಂಗಳಿಗೆ ಐದು ಕಿಲೋಮೀಟರ್ ನಡೆಯುತ್ತಿದ್ದೆ, ಈಗ ಆರಾಮಾಗಿದ್ದೇನೆ. ಭಯಪಟ್ಟು ಕೂತವರಿಗೇ ಮಂಡಿ ಬಿಗಿಯುವುದು.


ಫಿಸಿಯೋ_ಮಾತು ಬರೆದ ಉತ್ತರ

ನಿಮಗೆ ಅದು ಒಗ್ಗಿತು, ತುಂಬ ಸಂತೋಷ. ಕೂತೇ ಇರಬಾರದು ಅನ್ನುವ ಮಾತೂ ನಿಜ. ಆದರೆ ಪ್ರಶ್ನೆ ಕೇಳಿದವರಿಗೆ ಈ ಸಲಹೆಯನ್ನು ನಾನು ಕೊಡುವುದಿಲ್ಲ, ಅದಕ್ಕೆ ಕಾರಣ ಹೇಳುತ್ತೇನೆ. ಮಂಡಿಯೊಳಗೆ ನೀರು ತುಂಬಿ ಊದಿದರೆ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಸೂಚನೆಯೇ ತಗ್ಗುತ್ತದೆ. ಮನಸ್ಸು ಎಷ್ಟು ಗಟ್ಟಿ ಮಾಡಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಅಂದರೆ ಊದಿದ ಮಂಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದರೆ ಬಲ ಬೆಳೆಯುವುದಿಲ್ಲ, ಕುಂಟು ಮಾತ್ರ ರೂಢಿಯಾಗುತ್ತದೆ.

ನಿಧಾನನಡೆ ಅವರೇ, ನಿಮಗೆ ಸಂಜೆ ಊದಿ ಬೆಳಿಗ್ಗೆಗೆ ಇಳಿಯುತ್ತದೆ ಎಂದಿರಿ. ಈ ಹಂತದಲ್ಲಿ ಅದು ಸಾಮಾನ್ಯ, ಆರು ತಿಂಗಳವರೆಗೂ ಕೆಲವರಿಗೆ ವರ್ಷದವರೆಗೂ ಸ್ವಲ್ಪ ಊತ, ಸ್ವಲ್ಪ ಬಿಸಿ ಇರುತ್ತದೆ. ನೋಡಬೇಕಾದದ್ದು ಮಾರನೇ ಬೆಳಿಗ್ಗೆ. ಬಟ್ಟೆ ಅಳೆಯುವ ಟೇಪಿನಿಂದ ಎದ್ದ ಕೂಡಲೇ ಮಂಡಿಚಿಪ್ಪಿನ ನಡುಮಧ್ಯದ ಸುತ್ತಳತೆ ತೆಗೆದು ಬರೆದಿಡಿ. ನಿನ್ನೆಗಿಂತ ಕಣ್ಣಿಗೆ ಕಾಣುವಷ್ಟು ಜಾಸ್ತಿ ಇದ್ದರೆ, ಬಿಗಿತವೂ ಜಾಸ್ತಿ ಅನ್ನಿಸಿದರೆ, ನಿನ್ನೆ ಮಾಡಿದ್ದು ಜಾಸ್ತಿಯಾಯಿತು, ಇವತ್ತು ಕಡಿಮೆ ಮಾಡಿ. ಅಷ್ಟೇ ಇದ್ದರೆ ಅಥವಾ ಇಳಿದಿದ್ದರೆ ನಿಧಾನವಾಗಿ ಏರಿಸಿ. ಒಂದೇ ಸಲ ಮೂವತ್ತು ನಿಮಿಷ ನಡೆಯುವ ಬದಲು ಹತ್ತತ್ತು ನಿಮಿಷದ ಮೂರು ನಡಿಗೆ ಮಾಡಿ, ವಾಲಲು ಶುರುವಾದ ಕ್ಷಣವೇ ನಿಲ್ಲಿಸಿ. ನಡೆದು ಬಂದ ಮೇಲೆ ಬಟ್ಟೆ ಸುತ್ತಿದ ಐಸ್ 15ರಿಂದ 20 ನಿಮಿಷ, ಕಾಲು ಎದೆಯ ಮಟ್ಟಕ್ಕಿಂತ ಮೇಲೆ, ಹಿಮ್ಮಡಿಗೆ ಆಸರೆ, ಮಂಡಿ ನೆಟ್ಟಗೆ.


ನಿಧಾನನಡೆ ಬರೆದದ್ದು

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬ ಧನ್ಯವಾದ. ಅಂಗೈ ತೂರಿಸಿ ನೋಡಿದೆ, ನೀವು ಹೇಳಿದ ಹಾಗೇ ಇದೆ, ಬಲಗಡೆ ಕೈ ಆರಾಮಾಗಿ ಆಚೆ ಬರುತ್ತದೆ. ದಿಂಬು ತೆಗೆದೆ. ಕೋಲು ಮತ್ತೆ ಹಿಡಿದೆ, ಎಡಗೈಯಲ್ಲಿ.

ಇನ್ನು ಕೆಲವು ಕೇಳಬೇಕಿದೆ. ಬಲಗಾಲು ಎಡಗಾಲಿಗಿಂತ ಉದ್ದ ಆಗಿಬಿಟ್ಟಿದೆ ಅನ್ನಿಸುತ್ತದೆ. ಚಪ್ಪಲಿಯೊಳಗೆ ಎಡಗಡೆಗೆ ಏನಾದರೂ ದಪ್ಪ ಹಾಕಿಕೊಳ್ಳಲಾ? ನಡೆಯುವಾಗ ಒಳಗೆ ಟಕ್ ಅನ್ನುವ ಶಬ್ದ ಬರುತ್ತದೆ, ನೋವಿಲ್ಲ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಇದೆಲ್ಲ ಇರುವುದೇನಾ?

ಮತ್ತೆ, ಮಂಡಿ ನೆಟ್ಟಗಾದ ಮೇಲೆ ಹೆಜ್ಜೆ ಹೇಗೆ ಇಡಬೇಕು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ? ವರ್ಷಗಟ್ಟಲೆ ನೋವಿನಲ್ಲಿ ನಡೆದು ಸರಿಯಾದ ನಡಿಗೆ ಹೇಗಿತ್ತು ಅನ್ನುವುದೇ ನನಗೆ ನೆನಪಿಲ್ಲ.


ಫಿಸಿಯೋ_ಮಾತು ಬರೆದ ಉತ್ತರ

ಮೊದಲು ಸಣ್ಣವು. ಟಕ್ ಶಬ್ದ ಲೋಹದ ಭಾಗವೂ ನಡುವಿನ ಪ್ಲಾಸ್ಟಿಕ್ ಭಾಗವೂ ತಾಗುವುದರಿಂದ ಬರುತ್ತದೆ, ನೋವು ಊತ ಜೊತೆಗಿಲ್ಲದಿದ್ದರೆ ಚಿಂತೆ ಬೇಡ. ಮರಗಟ್ಟಿದ ಜಾಗ ಗಾಯ ಹಾಕುವಾಗ ಚರ್ಮದ ಸಣ್ಣ ನರ ಕತ್ತರಿಸುವುದರಿಂದ ಆಗುವುದು, ನಿಧಾನವಾಗಿ ಕಿರಿದಾಗುತ್ತದೆ, ಸ್ವಲ್ಪ ಉಳಿದರೂ ನಡಿಗೆಗೆ ಅಡ್ಡಿ ಇಲ್ಲ.

ಕಾಲು ಉದ್ದ ಅನ್ನಿಸುವುದು. ಮೊದಲು ನಿಮ್ಮ ಕಾಲು ಹೊರಗೆ ಬಿಲ್ಲಿನಂತೆ ಬಾಗಿತ್ತಾ? ಹಾಗಿದ್ದರೆ ಈಗ ನೆಟ್ಟಗಾದಾಗ ನಿಜಕ್ಕೂ ಸ್ವಲ್ಪ ಉದ್ದ ಸಿಗುತ್ತದೆ, ಜೊತೆಗೆ ವರ್ಷಗಳಿಂದ ಓರೆಯಾಗಿ ನಿಂತು ಅಭ್ಯಾಸವಾದ ಸೊಂಟ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಹೆಚ್ಚಿನವರಿಗೆ ಈ ಅನಿಸಿಕೆ ತಾನಾಗಿ ಹೋಗುತ್ತದೆ. ಅಳತೆ ಮಾಡಿಸದೆ ಸುಮ್ನೆ ಚಪ್ಪಲಿಗೆ ಏನೂ ಸೇರಿಸಬೇಡಿ. ಅದರ ಬದಲು ಹಿಂಬದಿಯಲ್ಲಿ ಪಟ್ಟಿ ಇರುವ, ಹಿಮ್ಮಡಿ ಗಟ್ಟಿಯಾಗಿ ಕೂರುವ ಶೂ ಹಾಕಿ. ಹಿಂದೆ ತೆರೆದ ಚಪ್ಪಲಿ ಜಾರದಂತೆ ಬೆರಳಲ್ಲಿ ಹಿಡಿದುಕೊಳ್ಳುವ ಪ್ರಯತ್ನದಲ್ಲೇ ಹೆಜ್ಜೆ ಕೆಡುತ್ತದೆ.

ಈಗ ಹೆಜ್ಜೆ. ಬಲಗಾಲು ಮುಂದೆ ಇಡುವಾಗ ಮೊದಲು ನೆಲ ಮುಟ್ಟಬೇಕಾದದ್ದು ಹಿಮ್ಮಡಿ, ಆಗ ಮಂಡಿ ಹೆಚ್ಚುಕಮ್ಮಿ ನೆಟ್ಟಗಿರಬೇಕು. ಪಾದ ಪೂರ್ತಿ ಒಟ್ಟಿಗೇ ಪಟ್ಟನೆ ಬೀಳುತ್ತಿದ್ದರೆ ಮಂಡಿ ಮಡಚಿಕೊಂಡೇ ಬರುತ್ತಿದೆ ಅಂತ ತಿಳಿಯಿರಿ. ಆಮೇಲೆ ಭಾರ ಹಿಮ್ಮಡಿಯಿಂದ ಅಂಗಾಲಿನ ಮೇಲೆ ಸಾಗಿ ಹೆಬ್ಬೆರಳಿನ ಕಡೆಗೆ ಹೋಗಬೇಕು, ಈ ಹೊತ್ತಿನಲ್ಲಿ ಎಡಗಾಲು ಅವಸರವಿಲ್ಲದೆ ಮುಂದೆ ಹೋಗಲಿ. ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುವಾಗ ಮಂಡಿಯನ್ನು ಸಡಿಲ ಬಿಡಿ, ಮಡಚಲಿ. ತುಂಬ ಜನ ತಪ್ಪಿಹೋಗುವುದು ಇಲ್ಲೇ. ಇಡುವಾಗ ನೆಟ್ಟಗಾಗದ ಮಂಡಿ ಎತ್ತುವಾಗ ಮಡಚುವುದೂ ಇಲ್ಲ, ಇಡೀ ಕಾಲನ್ನು ಸೊಂಟದಿಂದ ಎತ್ತಿ ಪಕ್ಕದಿಂದ ತಂದು ಇಡುತ್ತಾರೆ. ನೋವಿದ್ದ ಕಾಲದಲ್ಲಿ ಮಂಡಿ ಅಲ್ಲಾಡಿಸದೆ ನಡೆದು ಬಂದ ಅಭ್ಯಾಸ ಅದು, ಹೊಸ ಕೀಲು ಬಂದರೂ ಹಳೆ ನಡಿಗೆ ಹಾಗೇ ಉಳಿದಿರುತ್ತದೆ.

ಒಂದೊಂದನ್ನೇ ಗಮನಿಸಿ ನಡೆಯಿರಿ. ಒಂದು ವಾರ ಹಿಮ್ಮಡಿ ಮಾತ್ರ. ಅದು ಕೂತ ಮೇಲೆ ಹೆಬ್ಬೆರಳು ತಳ್ಳುವುದು. ಎಲ್ಲವನ್ನೂ ಒಟ್ಟಿಗೆ ಯೋಚಿಸಿದರೆ ಮೈ ಇನ್ನೂ ಬಿಗಿಯಾಗುತ್ತದೆ. ಗಟ್ಟಿ ನೆಲದ ಶಬ್ದದ ಬಗ್ಗೆ ನೀವೇ ಬರೆದಿದ್ದೀರಿ, ಅದನ್ನೇ ಬಳಸಿಕೊಳ್ಳಿ, ಎರಡೂ ಹೆಜ್ಜೆಯ ಶಬ್ದ ಸಮ ಅಂತರದಲ್ಲಿ ಕೇಳುವ ಹಾಗೆ ನಡೆಯಲು ನೋಡಿ.

ದೇಹ ವಾಲುವುದಕ್ಕೆ ಇನ್ನೊಂದು ಕಾರಣ ಸೊಂಟದ ಪಕ್ಕದ ಸ್ನಾಯು. ಒಂಟಿ ಕಾಲಿನ ಮೇಲೆ ನಿಂತಾಗ ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಅದೇ. ಮೇಜು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದನ್ನು ಎರಡೂ ಕಡೆ ಮಾಡಿ, ಮೈ ವಾಲಬಾರದು, ಪಾದ ಮುಂದಕ್ಕೇ ನೋಡುತ್ತಿರಬೇಕು.


ಅಪ್ಪನ_ಜೊತೆ ಬರೆದ ಉತ್ತರ

ನಮ್ಮ ತಂದೆಗೆ ಆಪರೇಷನ್ ಆದಾಗ ಜೊತೆಗಿದ್ದದ್ದು ನಾನು. ನೋಡಿಕೊಳ್ಳುವವರ ಕಡೆಯಿಂದ ಎರಡು ಮಾತು.

ವಿಡಿಯೋ ಮಾಡಿಸಿಕೊಳ್ಳಿ. ಕನ್ನಡಿಯ ಮುಂದೆ ನಡೆದರೆ ಮನುಷ್ಯ ತನಗೆ ಗೊತ್ತಿಲ್ಲದೆ ಸರಿಪಡಿಸಿಕೊಂಡು ನಡೆಯುತ್ತಾನೆ. ಅಪ್ಪ ನಡೆಯುವುದನ್ನು ನಾನು ಮುಂದಿನಿಂದ ಒಂದು, ಪಕ್ಕದಿಂದ ಒಂದು ಫೋನಿನಲ್ಲಿ ತೆಗೆದು ನಿಧಾನ ಮಾಡಿ ತೋರಿಸಿದೆ. ಆಪರೇಷನ್ ಆದ ಕಾಲು ನೆಲದಲ್ಲಿ ಇರುವಾಗ ಭುಜ ಆ ಕಡೆಗೆ ಇಳಿಯುವುದು, ಪಾದ ಹೊರಗೆ ತಿರುಗಿರುವುದು, ಕೈ ಬೀಸದೆ ತೊಡೆಗೆ ಅಂಟಿಕೊಂಡಿರುವುದು, ಇದೆಲ್ಲ ಬಾಯಲ್ಲಿ ಎಷ್ಟು ಸಲ ಹೇಳಿದರೂ ಅವರು ಒಪ್ಪಿರಲಿಲ್ಲ, ನೋಡಿದ ಕೂಡಲೇ ಅರ್ಥವಾಯಿತು. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ತೆಗೆದೆವು. ದಿನಾ ನೋಡುವವರಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ, ಅವರಿಗೂ ಹುರುಪು ಬರುತ್ತದೆ.

ಎರಡನೆಯದು ಕುರ್ಚಿಯಿಂದ ಏಳುವುದು. ಅಪ್ಪ ಪ್ರತಿ ಸಲ ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಒಳ್ಳೆಯ ಕಾಲನ್ನು ಹಿಂದೆ ಎಳೆದುಕೊಂಡು ಅದರ ಮೇಲೇ ಏಳುತ್ತಿದ್ದರು. ಮೊದಲ ವಾರಗಳಲ್ಲಿ ಹಾಗೆ ಹೇಳಿಕೊಟ್ಟಿರುತ್ತಾರೆ, ಸರಿ. ಆದರೆ ತಿಂಗಳುಗಳಾದ ಮೇಲೂ ಹಾಗೇ ಮಾಡಿದರೆ ಹೊಸ ಮಂಡಿಯ ಕಾಲಿಗೆ ಕೆಲಸವೇ ಸಿಗುವುದಿಲ್ಲ. ಫಿಸಿಯೋ ಎತ್ತರದ ಕುರ್ಚಿ ಹಾಕಿಸಿ, ಎರಡೂ ಪಾದ ಒಂದೇ ಗೆರೆಯಲ್ಲಿ ಇಡಿಸಿ, ಕೈ ಊರದೆ ನಿಧಾನವಾಗಿ ಎದ್ದು ಅಷ್ಟೇ ನಿಧಾನವಾಗಿ ಕೂರಿಸಿದರು. ಕೂರುವಾಗ ದೊಪ್ಪನೆ ಬೀಳಬಾರದು, ಅದೇ ಅಸಲಿ ವ್ಯಾಯಾಮ. ವಾರಗಳು ಕಳೆದಂತೆ ಕುರ್ಚಿಯ ಎತ್ತರ ಇಳಿಸುತ್ತ ಬಂದರು. ನನ್ನ ಕಣ್ಣಿಗೆ ಅಪ್ಪನ ನಡಿಗೆ ಬದಲಾಗಿದ್ದು ಇದರಿಂದಲೇ, ಬೇರೆ ಎಲ್ಲದಕ್ಕಿಂತ ಜಾಸ್ತಿ.

ಎದ್ದ ತಕ್ಷಣದ ಬಿಗಿತಕ್ಕೆ, ಏಳುವ ಮುಂಚೆ ಕೂತಲ್ಲೇ ಕಾಲನ್ನು ಹತ್ತು ಸಲ ಚಾಚಿ ಮಡಚಿ, ಎದ್ದ ಮೇಲೆ ಒಂದು ಕ್ಷಣ ನಿಂತು ತೊಡೆ ಬಿಗಿ ಮಾಡಿ ಆಮೇಲೆ ಹೆಜ್ಜೆ ಇಡಿ. ತುಂಬ ಹೊತ್ತು ಒಂದೇ ಕಡೆ ಕೂರಬೇಡಿ.

ಮನೆಯವರಿಗೂ ಒಂದು ಮಾತು. ಹಿಂದಿನಿಂದ "ಕುಂಟಬೇಡಿ, ಕುಂಟಬೇಡಿ" ಅಂತ ಹೇಳುತ್ತಿದ್ದರೆ ಅವರು ಇನ್ನೂ ಕುಗ್ಗುತ್ತಾರೆ. "ಹಿಮ್ಮಡಿ ಮೊದಲು" ಅಂತ ಒಂದು ಮಾತು ಹೇಳಿ, ಸಾಕು.


ಎರಡೂ_ಮಂಡಿ ಬರೆದ ಉತ್ತರ

ಮೆಟ್ಟಿಲಿನ ಬಗ್ಗೆ ಯಾರೂ ಬರೆದಿಲ್ಲ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಕೈ ಕಂಬಿಯ ಮೇಲೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲು ಇಟ್ಟು ಇಳಿಯುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಅದು ಬರಲಿಲ್ಲ ಅಂತ ಮೂರನೇ ತಿಂಗಳಲ್ಲಿ ಬೇಜಾರು ಮಾಡಿಕೊಳ್ಳಬೇಡಿ. ಅಭ್ಯಾಸಕ್ಕೆ ಹತ್ತು ಸೆಂಟಿಮೀಟರ್ ಎತ್ತರದ ಗಟ್ಟಿ ಮಣೆಯ ಮೇಲೆ ಆಪರೇಷನ್ ಆದ ಕಾಲಿಟ್ಟು ಹತ್ತಿ ಇಳಿಯಿರಿ. ಇಳಿಯುವಾಗ ನಿಧಾನ, ಮಂಡಿ ಒಳಗೆ ಬಾಗದೆ ಪಾದದ ನೇರಕ್ಕೇ ಇರಲಿ.

ಕುಳಿತು ತುಳಿಯುವ ವ್ಯಾಯಾಮದ ಸೈಕಲ್ ಸಿಕ್ಕಿದರೆ ತುಂಬ ಒಳ್ಳೆಯದು. ಸೀಟು ಎತ್ತರ ಇಟ್ಟು, ಬ್ರೇಕು ಬಿಗಿ ಮಾಡದೆ ಹಗುರವಾಗಿ. ನನಗೆ ನಡೆಯುವ ಮುಂಚೆ ಐದು ನಿಮಿಷ ತುಳಿದರೆ ಕಾಲು ಬೇರೆಯೇ ಆಗುತ್ತಿತ್ತು.


ನಿಧಾನನಡೆ ಬರೆದದ್ದು

ತೂಕದ ಮಷೀನ್ ಮೇಲೆ ಇವತ್ತು ನಿಂತೆ. ಬಲಗಡೆ ನಿಜಕ್ಕೂ ಕಡಿಮೆ ಬರುತ್ತಿದೆ, ನೋವು ಇಲ್ಲದೇ ಇದ್ದರೂ ಕಾಲೇ ಹಿಂಜರಿಯುತ್ತಿದೆ. ಟವೆಲ್ ವ್ಯಾಯಾಮ ಶುರು ಮಾಡಿದ್ದೇನೆ, ಮಂಡಿಯ ಹಿಂದೆ ಚೆನ್ನಾಗಿಯೇ ಎಳೆಯುತ್ತದೆ. ಕೊನೆಯದಾಗಿ ಒಂದು, ಯಾವಾಗ ಡಾಕ್ಟರ್ ಹತ್ತಿರ ಓಡಬೇಕು, ಯಾವಾಗ ಕಾಯಬಹುದು? ಮತ್ತೆ ಕೋಲು ಯಾವಾಗ ಬಿಡಲಿ?


ಫಿಸಿಯೋ_ಮಾತು ಬರೆದ ಉತ್ತರ

ಮೀನಖಂಡದಲ್ಲಿ ಹೊಸದಾಗಿ ನೋವು, ಒಂದೇ ಕಾಲಿನಲ್ಲಿ ಕೆಳಗಿನವರೆಗೆ ಊತ ಬಂದರೆ ಅವತ್ತೇ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟುವುದು, ಎದೆನೋವು ಬಂದರೆ ಒಂದು ನಿಮಿಷವೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ, ಗಾಯದಿಂದ ನೀರು ಅಥವಾ ಕೀವು, ಕೆಂಪು ಹರಡುವುದು, ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಬಿದ್ದದ್ದು, ಮಂಡಿ ಇದ್ದಕ್ಕಿದ್ದಂತೆ ಕೈಕೊಟ್ಟು ಕುಸಿಯುವುದು, ಇದರಲ್ಲಿ ಯಾವುದೇ ಆದರೂ ಆಪರೇಷನ್ ಮಾಡಿದವರಿಗೆ ಕೂಡಲೇ ಹೇಳಿ. ಇವೆಲ್ಲ ಇಲ್ಲದೆ ಬರೀ ಬಿಗಿತ ಇದ್ದರೆ, ಆ 8 ಡಿಗ್ರಿ ಮುಂದಿನ ಮೂರು ನಾಲ್ಕು ವಾರದಲ್ಲಿ ಸ್ವಲ್ಪವೂ ಕಡಿಮೆಯಾಗದಿದ್ದರೆ ಕಾಯದೆ ಹೋಗಿ ಅದರ ಬಗ್ಗೆಯೇ ಕೇಳಿ. ಒಳಗೆ ಹೋಗುವಾಗಲೇ "ಮಂಡಿ ನೆಟ್ಟಗಾಗುತ್ತಿಲ್ಲ, ಅದಕ್ಕೇ ಕುಂಟುತ್ತಿದ್ದೇನೆ" ಎಂದು ಮೊದಲ ಮಾತಾಗಿ ಹೇಳಿ, ಆಗ ಅವರು ಆ ಕಡೆಯಿಂದಲೇ ನೋಡುತ್ತಾರೆ. ಗಾಯದ ಒಳಗಿನ ಅಂಗಾಂಶ ಹೊಸದಾಗಿರುವಾಗ ಎಳೆದರೆ ಬಗ್ಗುತ್ತದೆ, ತಿಂಗಳು ಕಳೆದಷ್ಟೂ ಗಟ್ಟಿ, ಹಾಗಾಗಿ ಈ ಕೆಲಸಕ್ಕೆ ಈಗಿನ ಸಮಯ ಬೆಲೆಯುಳ್ಳದ್ದು. ಬಲ ಬರುವುದಕ್ಕೆ ಮಾತ್ರ ಒಂದು ವರ್ಷವೂ ಅದಕ್ಕಿಂತ ಮುಂದೆಯೂ ಅವಕಾಶ ಇದೆ.

ಕೋಲನ್ನು ತಾರೀಕು ನೋಡಿ ಬಿಡಬೇಡಿ. ಮನೆಯೊಳಗೆ ಕೋಲಿಲ್ಲದೆ ನಡೆದ ವಿಡಿಯೋದಲ್ಲಿ ಭುಜ ಇಳಿಯದೆ, ಎರಡೂ ಹೆಜ್ಜೆ ಸಮವಾಗಿ ಕಾಣುವಾಗ ಮನೆಯೊಳಗೆ ಬಿಡಿ. ಹೊರಗೆ, ಏರುತಗ್ಗಿನಲ್ಲಿ, ಜನಜಂಗುಳಿಯಲ್ಲಿ ಇನ್ನೂ ಕೆಲವು ವಾರ ಹಿಡಿದೇ ಹೋಗಿ. ದಿನದ ಕೊನೆಗೆ ಸುಸ್ತಾದಾಗ ಮತ್ತೆ ಬೇಕು ಅನ್ನಿಸಿದರೆ ಹಿಂಜರಿಯದೆ ತೆಗೆದುಕೊಳ್ಳಿ. ಎರಡು ವಾರ ಬಿಟ್ಟು ವಿಡಿಯೋದಲ್ಲಿ ಏನು ಕಂಡಿತು, ಅಂಗೈ ಈಗ ಎಷ್ಟು ಸಲೀಸಾಗಿ ತೂರುತ್ತದೆ ಅಂತ ಇಲ್ಲೇ ಬರೆಯಿರಿ, ಮುಂದಿನದನ್ನು ಅದರ ಮೇಲೆ ನೋಡೋಣ.